ಭಾರವಿಳಿಸಿದ ದೋಣಿ

ಫ್ರಾನ್ಸ್ ದೇಶವೆಂದೊಡನೆ ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ನೆನಪಾಗುವುದು ಲೂರ್ದು ಮಾತೆಯ ಗವಿ, ಪುಟ್ಟ ತೆರೇಸಮ್ಮನವರ ಮಠ, ಪ್ಯಾರಿಸ್ ಮಿಷನ್ ಸಂಸ್ಥೆಯಿಂದ ಮೈಸೂರು ಸೀಮೆಗೆ ಬಂದು ಇಲ್ಲಿಯ ಮಣ್ಣಿನಲ್ಲೇ ಮಣ್ಣಾದ ಗುರುಗಳು. ಕಿರಿಯರಿಗೆ ನೆನಪಾಗುವುದು ಐಫೆಲ್ ಗೋಪುರ. ಆದರೆ ಆ ದೇಶಕ್ಕೆ ಇನ್ನೊಂದು ಮುಖವೂ ಇದೆ. ನದಿಯಿಂದ ನದಿಗೆ ಮನುಷ್ಯರೇ ತೋಡಿದ ಕಾಲುವೆಗಳು ಅದರ ಒಳನಾಡಿನ ಹೊಲ, ಕಾಡು, ಹಳ್ಳಿಗಳ ನಡುವೆ ಸದ್ದಿಲ್ಲದೆ ಹರಿಯುತ್ತವೆ. ಒಂದು ಕಾಲದಲ್ಲಿ ಗೋಧಿ, ಕಲ್ಲಿದ್ದಲು, ಮರಳು ಹೊತ್ತು ಈ ಕಾಲುವೆಗಳಲ್ಲಿ ಓಡಾಡಿದ ದೊಡ್ಡ ಸರಕು ದೋಣಿಗಳಲ್ಲಿ ಅನೇಕವು ಇಂದು ಮನೆಗಳಾಗಿವೆ. ಅಂಥ ಒಂದು ಮನೆಯಲ್ಲಿ, ಶರತ್ಕಾಲದ ಹನ್ನೊಂದು ದಿನಗಳನ್ನು ಕಳೆಯುವ ಭಾಗ್ಯ ಕೆಲವು ವರ್ಷಗಳ ಹಿಂದೆ ನನಗೂ ನನ್ನ ಪತ್ನಿಗೂ ಒದಗಿಬಂತು.

ನಾನು ರೈಲ್ವೆಯ ಸರಕು ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವನು. ವ್ಯಾಗನ್ನುಗಳು, ಮೂಟೆಗಳು, ತೂಕದ ಚೀಟಿಗಳು ಇವೇ ನನ್ನ ಪ್ರಪಂಚವಾಗಿದ್ದವು. ನಿವೃತ್ತನಾದ ಮೇಲಿನ ಮೊದಲ ವರ್ಷ ಹೇಗಿತ್ತೆಂಬುದನ್ನು ನಿವೃತ್ತರಾದವರಿಗೆ ವಿವರಿಸಬೇಕಾಗಿಲ್ಲ. ಬೆಳಗಿನ ಐದಕ್ಕೆ ಎಚ್ಚರವಾಗುತ್ತದೆ, ಹೋಗುವುದಕ್ಕೆ ಮಾತ್ರ ಎಲ್ಲಿಯೂ ಇಲ್ಲ. ಆ ದಿನಗಳಲ್ಲಿ, ದಿಜೋನ್ ನಗರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ನಮ್ಮ ಮಗಳು ನಮ್ಮಿಬ್ಬರನ್ನೂ ಕರೆಸಿಕೊಂಡಳು. ಅವಳ ಸಹೋದ್ಯೋಗಿಯೊಬ್ಬರ ತಂದೆತಾಯಿ ದೋಣಿಯಲ್ಲೇ ವಾಸಿಸುವವರು. ಕಾಲುವೆ ಚಳಿಗಾಲಕ್ಕೆ ಮುಚ್ಚುವ ಮುನ್ನ ಅವರು ದೋಣಿಯನ್ನು ಸೋನ್ ನದಿಯ ದಡದ ತಂಗುದಾಣಕ್ಕೆ ಮುಟ್ಟಿಸಬೇಕಿತ್ತು. ಆ ಹಿರಿಯರು ಮಗಳ ಮೂಲಕ ಹೇಳಿಕಳುಹಿಸಿದರು: "ನಿಮ್ಮ ತಂದೆತಾಯಿಯನ್ನು ಕರೆದುಕೊಂಡು ಬಾ. ನಮಗೂ ಹಗ್ಗ ಹಿಡಿಯುವ ಕೈಗಳು ಬೇಕು." ಕೆಲಸವಿದೆ ಎಂಬ ಆ ಒಂದು ಮಾತೇ ನನ್ನನ್ನು ಹೊರಡಿಸಿತು.

ನಾವು ದೋಣಿ ಹತ್ತಿದ್ದು ಬರ್ಗಂಡಿ ಪ್ರಾಂತ್ಯದ ವಾಂದ್ನೆಸ್ ಎಂಬ ಪುಟ್ಟ ಊರಿನಲ್ಲಿ. ಎದುರಿನ ಗುಡ್ಡದ ನೆತ್ತಿಯ ಮೇಲೆ ಶಾತೋನಫ್ ಎಂಬ ಹಳೆಯ ಕೋಟೆ. ಕೆಳಗೆ ಕನ್ನಡಿಯಂತೆ ನಿಂತ ನೀರು. ಇದೇ ಬರ್ಗಂಡಿ ಕಾಲುವೆ. ಇದರ ಉದ್ದ 242 ಕಿಲೋಮೀಟರ್. 1775ರಲ್ಲಿ ಆರಂಭವಾದ ಕಾಮಗಾರಿ ಫ್ರೆಂಚ್ ಮಹಾಕ್ರಾಂತಿಯ ಗದ್ದಲದಲ್ಲಿ ನಿಂತು, ಮತ್ತೆ ಮುಂದುವರಿದು, ಮುಗಿದದ್ದು 1832ರಲ್ಲಿ. ಅಗೆಯಲು ಆರಂಭಿಸಿದವರಲ್ಲಿ ಎಷ್ಟು ಮಂದಿ ಅದರಲ್ಲಿ ದೋಣಿ ಸಾಗಿದ್ದನ್ನು ಕಂಡಿರಬಹುದು? ಅತ್ತ ಯೋನ್ ನದಿ ಸೇನ್ ನದಿಯನ್ನು ಸೇರಿ ಪ್ಯಾರಿಸಿನ ಕಡೆಗೆ ಹರಿದರೆ, ಇತ್ತ ಸೋನ್ ನದಿ ರೋನ್ ನದಿಯನ್ನು ಸೇರಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗುತ್ತದೆ. ಈ ಎರಡು ನೀರುಗಳ ನಡುವಿನ ದಿಣ್ಣೆಯನ್ನು ದಾಟಿಸುವುದೇ ಈ ಕಾಲುವೆಯ ಕೆಲಸ. ಮಂಡ್ಯದ ಕಡೆಯ ನಾಲೆಗಳನ್ನು ಕಂಡ ನಮಗೆ ನಾಲೆಯೆಂದರೆ ಗದ್ದೆಗೆ ನೀರುಣಿಸುವಂಥದು. ಇಲ್ಲಿಯ ನೀರಿನ ಕೆಲಸವೇ ಬೇರೆ. ಅದು ಭಾರವನ್ನು ಹೊತ್ತು ಬೆಟ್ಟ ಹತ್ತುತ್ತದೆ, ಬೆಟ್ಟ ಇಳಿಯುತ್ತದೆ.

ನೀರು ಬೆಟ್ಟ ಹತ್ತುವುದುಂಟೇ ಎಂದು ಓದುಗರು ಕೇಳಬಹುದು. ಅದರ ಗುಟ್ಟು ಲಾಕ್ ಎಂಬ ಕಟ್ಟಡದಲ್ಲಿದೆ. ಇದು ಕಲ್ಲಿನಲ್ಲಿ ಕಟ್ಟಿದ ಉದ್ದನೆಯ ತೊಟ್ಟಿ. ಎರಡು ತುದಿಗಳಲ್ಲೂ ಭಾರಿ ಬಾಗಿಲುಗಳು. ಇಳಿಯುವಾಗ ದೋಣಿ ತುಂಬಿದ ತೊಟ್ಟಿಯೊಳಗೆ ಬರುತ್ತದೆ. ಹಿಂದಿನ ಬಾಗಿಲು ಮುಚ್ಚುತ್ತದೆ. ಮುಂದಿನ ಬಾಗಿಲ ಬುಡದ ಕಿಂಡಿಗಳನ್ನು ಕೈಯಿಂದ ತಿರುಗಿಸಿ ತೆರೆಯುತ್ತಾರೆ. ನೀರು ಇಳಿಯುತ್ತ ಹೋದಂತೆ ದೋಣಿಯೂ, ಅದರಲ್ಲಿರುವ ನಾವೂ, ಒಲೆಯ ಮೇಲಿನ ಸಾರೂ ಮೆಲ್ಲನೆ ಕೆಳಗಿಳಿಯುತ್ತೇವೆ. ಕೊನೆಗೆ ಮುಂದಿನ ಬಾಗಿಲು ತೆರೆಯುತ್ತದೆ. ಇಂಥ ಮೆಟ್ಟಿಲುಗಳು ಈ ಕಾಲುವೆಯಲ್ಲಿ ಒಟ್ಟು 189. ನಮ್ಮ ದಾರಿಯಲ್ಲಿದ್ದವು ಅರವತ್ತಕ್ಕೂ ಹೆಚ್ಚು. ಮೋಟಾರಿನಲ್ಲಾದರೆ ಸುಮಾರು ಒಂದು ಗಂಟೆಯ ದಾರಿ. ನಮಗೆ ಹಿಡಿದದ್ದು ಹನ್ನೊಂದು ದಿನ.

ದೋಣಿಯ ಅಳತೆಯನ್ನೂ ಹೇಳಬೇಕು. 1879ರಲ್ಲಿ ಫ್ರೇಸಿನೆ ಎಂಬ ಮಂತ್ರಿ ತಂದ ಕಾನೂನಿನಂತೆ ಆ ದೇಶದ ಮುಖ್ಯ ಕಾಲುವೆಗಳ ಲಾಕುಗಳಿಗೆಲ್ಲ ಒಂದೇ ಅಳತೆ ನಿಗದಿಯಾಯಿತು: 39 ಮೀಟರ್ ಉದ್ದ, 5.20 ಮೀಟರ್ ಅಗಲ. ಅದಕ್ಕೆ ಸರಿಯಾಗಿ ದೋಣಿಗಳನ್ನು 38.5 ಮೀಟರ್ ಉದ್ದ, 5.05 ಮೀಟರ್ ಅಗಲಕ್ಕೆ ಕಟ್ಟಿದರು. ಲಾಕಿನೊಳಗೆ ಹೋಗುವಾಗ ಎರಡು ಬದಿಗೂ ಉಳಿಯುವ ಜಾಗ ಏಳೆಂಟು ಸೆಂಟಿಮೀಟರ್ ಮಾತ್ರ. ಎಪ್ಪತ್ತೆಂಟು ವಯಸ್ಸಿನ ಆ ಯಜಮಾನರು ಚುಕ್ಕಾಣಿಯ ಮುಂದೆ ನಿಂತು, ನಾವು ಸೂಜಿಗೆ ದಾರ ಪೋಣಿಸುವಂತೆ, ಅಷ್ಟು ದೊಡ್ಡ ಕಬ್ಬಿಣದ ಒಡಲನ್ನು ಕಲ್ಲಿಗೆ ತಾಗಿಸದೆ ಒಳಗೆ ತೂರಿಸುತ್ತಿದ್ದರು. ನನ್ನ ಕೆಲಸ ಮುಂದಿನ ತುದಿಯಲ್ಲಿ ನಿಂತು ದಡದ ಗೂಟಕ್ಕೆ ಹಗ್ಗ ಸುತ್ತಿ, ನೀರು ಇಳಿದಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸುವುದು. ಬಿಗಿ ಹಿಡಿದರೆ ದೋಣಿ ನೇತುಬೀಳುತ್ತದೆ, ಪೂರ್ತಿ ಬಿಟ್ಟರೆ ಅಡ್ಡಾದಿಡ್ಡಿ ಹೊರಳುತ್ತದೆ. ಮಕ್ಕಳನ್ನು ಬೆಳೆಸಿದವರಿಗೆ ಈ ವಿದ್ಯೆ ಹೊಸದಲ್ಲ.

ಮೊದಲ ಬಾರಿ ಒಳಗಿಳಿದಾಗ ನನ್ನ ಪತ್ನಿ ಬೆರಗಾದಳು. ಒಂದು ಕಾಲದಲ್ಲಿ ಇನ್ನೂರೈವತ್ತು ಟನ್ನಿನ ಮೇಲೆ ಸರಕು ತುಂಬುತ್ತಿದ್ದ ಒಡಲಿನಲ್ಲಿ ಈಗ ಉದ್ದನೆಯ ಹಜಾರ, ಮೂರು ಮಲಗುವ ಕೋಣೆ, ಅಡುಗೆಮನೆ, ಪುಸ್ತಕಗಳ ಕಪಾಟು, ಸೌದೆ ಒಲೆ. ಕಿಟಕಿಯ ಹೊರಗೆ ನೀರಿನ ಮಟ್ಟ ನಮ್ಮ ಎದೆಯೆತ್ತರಕ್ಕಿದ್ದು, ಬಾತುಕೋಳಿಗಳು ಊಟದ ಮೇಜಿನ ಪಕ್ಕದಲ್ಲೇ ಈಜಿಹೋಗುತ್ತಿದ್ದವು. ದೋಣಿ ಚಲಿಸತೊಡಗಿದಾಗ ಅವಳೆಂದಳು: "ಏನ್ರೀ, ಮನೆಯೇ ನಡೆದುಹೋಗ್ತಾ ಇದೆಯಲ್ಲ!"

ಅಲ್ಲಿಯ ನಿಯಮದಂತೆ ವೇಗ ಗಂಟೆಗೆ ಆರು ಕಿಲೋಮೀಟರ್ ಮೀರಬಾರದು. ಮೀರಿದರೆ ಅಲೆಗಳು ದಡವನ್ನು ಕೊರೆಯುತ್ತವೆ. ನಡೆದುಹೋಗುವ ಮನುಷ್ಯನಷ್ಟೇ ವೇಗ. ಆ ವೇಗದಲ್ಲಿ ಮಾತ್ರ ಕಾಣುವ ಒಂದು ಲೋಕವಿದೆ. ಬೆಳಿಗ್ಗೆ ಊಶ್ ನದಿಯ ಕಣಿವೆಯೆಲ್ಲ ಮಂಜಿನಲ್ಲಿ ಮುಳುಗಿರುತ್ತಿತ್ತು. ಮೊದಲು ಹಳ್ಳಿಯ ದೇವಾಲಯದ ಗಂಟೆ ಕೇಳಿಸುವುದು, ಗೋಪುರ ಕಾಣಿಸುವುದು ಆಮೇಲೆ. ಹತ್ತು ಗಂಟೆಯ ಹೊತ್ತಿಗೆ ಮಂಜು ಕರಗಿ, ದಡದ ಪಾಪ್ಲರ್ ಮರಗಳು ಅರಿಸಿನ ಬಳಿದುಕೊಂಡಂತೆ ಹೊಳೆಯುತ್ತಿದ್ದವು. ಬೆಟ್ಟದ ಇಳಿಜಾರಿನ ಓಕ್ ಕಾಡು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹುಲ್ಲುಗಾವಲಿನಲ್ಲಿ ಶಾರೋಲೇ ತಳಿಯ ಬಿಳಿಯ ದನಗಳು ತಲೆಯೆತ್ತಿ ನಮ್ಮನ್ನು ನೋಡಿ, ಮತ್ತೆ ಮೇಯಲು ತೊಡಗುತ್ತಿದ್ದವು. ಬೂದುಬಣ್ಣದ ಬಕವೊಂದು ನಮ್ಮ ಮುಂದೆ ಮುಂದೆ ಹಾರಿ ದಡದಲ್ಲಿ ಕಾದು, ನಾವು ಹತ್ತಿರ ಬಂದೊಡನೆ ಮತ್ತೆ ಹಾರಿ, ದಾರಿ ತೋರಿಸುವಂತೆ ಮೈಲಿಗಟ್ಟಲೆ ಬಂತು. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಅದರ ಬೆನ್ನಿಗೇ ಚಿಗುರು ಬಂದುಬಿಡುತ್ತದೆ. ಅಲ್ಲಿ ಹಾಗಲ್ಲ. ಅಕ್ಟೋಬರಿನಲ್ಲಿ ಎಲೆ ಕಳೆದುಕೊಂಡ ಮರ ಮತ್ತೆ ಚಿಗುರಬೇಕಾದರೆ ಏಪ್ರಿಲ್ ಬರಬೇಕು. ಅಷ್ಟು ದೀರ್ಘವಾದ ಬರಿದುತನದ ಮುನ್ನ ಮರಗಳು ಇಷ್ಟು ಚೆಲುವಾಗಿ ನಿಲ್ಲುವುದನ್ನು ಕಂಡು ನಾನು ಮೌನಿಯಾದೆ.

ಲಾಕಿನ ಕೆಲಸಗಾರರು ಮೊಪೆಡ್ ಏರಿ ದಡದ ದಾರಿಯಲ್ಲೇ ನಮ್ಮೊಡನೆ ಬರುತ್ತಿದ್ದರು. ಒಂದು ಬಾಗಿಲು ಮುಚ್ಚಿ, ಮುಂದಿನದನ್ನು ತೆರೆಯಲು ಮುಂದೋಡುತ್ತಿದ್ದರು. ಮಧ್ಯಾಹ್ನ ಹನ್ನೆರಡಾಯಿತೆಂದರೆ ಕಾಲುವೆಯೇ ನಿಲ್ಲುತ್ತಿತ್ತು. ಒಂದು ಗಂಟೆ ಊಟದ ವಿರಾಮ, ಯಾರೂ ಅವಸರಪಡಿಸುವಂತಿಲ್ಲ. ಆ ಹೊತ್ತಿಗೆ ಯಜಮಾನಿತಿ ಕುಂಬಳದ ಸೂಪು, ರೊಟ್ಟಿ, ಗಿಣ್ಣು ಬಡಿಸುತ್ತಿದ್ದರು. ದಡದಲ್ಲಿ ಆಯ್ದ ಅಕ್ರೋಟನ್ನು ಒಡೆದುಕೊಡುತ್ತಿದ್ದರು. ನನ್ನ ಪತ್ನಿ ಮಾಡಿದ ತಿಳಿಸಾರನ್ನು ಅವರು ಲೋಟದಲ್ಲಿ ಕುಡಿದು ಮೆಣಸಿನ ಘಾಟಿಗೆ ಕಣ್ಣೊರೆಸಿಕೊಂಡು, ಮರುದಿನವೂ ಬೇಕೆಂದು ಕೇಳಿದರು.

ನಡುವೆ ಬಂದ ಭಾನುವಾರ ನಾವು ತಂಗಿದ್ದ ಹಳ್ಳಿಯ ದೇವಾಲಯಕ್ಕೆ ಬೀಗ ಹಾಕಿತ್ತು. ಈ ವಾರ ಬಲಿಪೂಜೆ ಯಾವ ಊರಿನಲ್ಲೆಂಬ ಪಟ್ಟಿ ಬಾಗಿಲಲ್ಲಿತ್ತು. ಗುರುಗಳ ಕೊರತೆಯಿಂದ ಒಬ್ಬರೇ ಹಲವು ಹಳ್ಳಿಗಳನ್ನು ನೋಡಿಕೊಳ್ಳಬೇಕಾದ ಪರಿಸ್ಥಿತಿ ಅಲ್ಲಿಯದು. ಅಪರಿಚಿತ ಮಹಿಳೆಯೊಬ್ಬರು ತಮ್ಮ ಕಾರಿನಲ್ಲಿ ನಮ್ಮನ್ನು ಕರೆದೊಯ್ದರು. ಪೀಠದ ಮುಂದೆ ನಿಂತಿದ್ದವರು ಆಫ್ರಿಕಾ ಖಂಡದಿಂದ ಬಂದ ಯುವ ಗುರುಗಳು. ಒಮ್ಮೆ ನಮಗೆ ಗುರುಗಳನ್ನು ಕಳುಹಿಸಿದ ನಾಡು ಇಂದು ದೂರದ ನಾಡುಗಳಿಂದ ಗುರುಗಳನ್ನು ಬರಮಾಡಿಕೊಳ್ಳುತ್ತಿದೆ. ಕೊಟ್ಟದ್ದು ಹೀಗೂ ಹಿಂದಿರುಗುತ್ತದೆ.

ಸಂಜೆ ಬೇಗ ಕತ್ತಲಾಗುತ್ತಿತ್ತು. ಅಕ್ಟೋಬರಿನ ಕೊನೆಯ ಭಾನುವಾರ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಸರಿದ ಮೇಲಂತೂ ಐದೂವರೆಗೇ ದೀಪ ಹಚ್ಚಬೇಕು. ಆಗ ಸೌದೆ ಒಲೆಯ ಸುತ್ತ ಕುಳಿತು, ಮಗಳ ದುಭಾಷೆಯಲ್ಲಿ, ನಾನು ಆ ಹಿರಿಯರ ಕಥೆ ಕೇಳುತ್ತಿದ್ದೆ. ಅವರು ಹುಟ್ಟಿದ್ದೇ ದೋಣಿಯ ಮೇಲೆ. ನಡೆಯಲು ಕಲಿತ ಮಗು ನೀರಿಗೆ ಬೀಳದಿರಲೆಂದು ತಾಯಿ ಸೊಂಟಕ್ಕೆ ಹಗ್ಗ ಕಟ್ಟಿ ಚುಕ್ಕಾಣಿಯ ಕೋಣೆಗೆ ಬಿಗಿಯುತ್ತಿದ್ದರಂತೆ. ಆರನೆಯ ವಯಸ್ಸಿಗೆ ದೋಣಿಗಾರರ ಮಕ್ಕಳ ವಸತಿ ಶಾಲೆ. ತಂದೆತಾಯಿ ಈ ವಾರ ಯಾವ ಊರಿನ ಬಳಿ ಇರುವರೆಂದು ಆ ಮಕ್ಕಳಿಗೇ ತಿಳಿಯದು.

ಹಜಾರದ ಗೋಡೆಯ ಮೇಲೆ ಅಗಲವಾದ ಹಳೆಯ ಪಟ್ಟಿಯೊಂದು ತೂಗುತ್ತಿತ್ತು. ಅವರ ಅಜ್ಜಿ ಎದೆಗೆ ಅಡ್ಡಲಾಗಿ ಹಾಕಿಕೊಂಡು ದೋಣಿಯನ್ನು ಎಳೆಯುತ್ತಿದ್ದ ಪಟ್ಟಿ ಅದು! ಎಂಜಿನ್ನು ಬರುವ ಮೊದಲು ಕುದುರೆಗಳು ದೋಣಿಯನ್ನು ಎಳೆಯುತ್ತಿದ್ದವು. ಕುದುರೆ ಕೊಳ್ಳಲಾಗದ ಬಡವರು ತಾವೇ ಎಳೆಯುತ್ತಿದ್ದರು. ಗಂಡ ಚುಕ್ಕಾಣಿ ಹಿಡಿದರೆ ಹೆಂಡತಿ ಮಕ್ಕಳು ದಡದಲ್ಲಿ ಬಾಗಿ ನಡೆಯುವರು. ಆ ಪಟ್ಟಿಯನ್ನು ಮುಟ್ಟಿದಾಗ ನನಗೆ ನಮ್ಮ ಗೂಡ್ಸ್ ಷೆಡ್ಡಿನ ಹಮಾಲರ ಹೆಗಲ ಮೇಲಿನ ಗೋಣಿತಟ್ಟು ನೆನಪಾಯಿತು. ಬೆವರಿಗೆ ದೇಶಭಾಷೆಗಳ ಭೇದವಿಲ್ಲ.

ನಾನು ರೈಲ್ವೆಯವನೆಂದು ತಿಳಿದಾಗ ಅವರು ನಕ್ಕು, "ಹಾಗಾದರೆ ನಮ್ಮ ಅನ್ನ ಕಸಿದವರು ನೀವೇ!" ಎಂದರು. ಹಾಸ್ಯದಲ್ಲೂ ಸತ್ಯವಿತ್ತು. ಕಾಲುವೆ ಮುಗಿದು ಇಪ್ಪತ್ತು ವರ್ಷ ತುಂಬುವ ಮೊದಲೇ, 1851ರಲ್ಲಿ, ಪ್ಯಾರಿಸಿನಿಂದ ದಿಜೋನಿಗೆ ರೈಲು ಬಂತು. ಆದರೂ ದೋಣಿಗಳು ಮತ್ತೊಂದು ನೂರು ವರ್ಷ ಹೇಗೋ ದುಡಿದವು. ಬಳಿಕ ಲಾರಿಗಳು ಬಂದವು. ಕೊನೆಗೆ ಸರ್ಕಾರವೇ ದೋಣಿಗಾರರಿಗೆ ಪರಿಹಾರ ಕೊಟ್ಟು ಹಳೆಯ ದೋಣಿಗಳನ್ನು ಗುಜರಿಗೆ ಒಡೆಸತೊಡಗಿತು. ಇವರ ಅಣ್ಣನ ದೋಣಿ ಹಾಗೆಯೇ ಹೋಯಿತು. ಇವರು ಮಾತ್ರ ಪರಿಹಾರದ ಹಣ ಬೇಡವೆಂದು, ಆರು ವರ್ಷ ಶ್ರಮಿಸಿ, ತಂದೆಯ ದೋಣಿಯನ್ನು ಮನೆಯಾಗಿಸಿದರು.

ಆಗ ಅವರು ಹೇಳಿದ ಒಂದು ಸಂಗತಿಯನ್ನು ನಾನು ಮರೆಯಲಾರೆ. ಸರಕು ಇಳಿಸಿದ ದೋಣಿ ಹಗುರವಾಗಿ ಸಲೀಸಾಗಿ ಸಾಗಬಹುದೆಂದು ನಾವು ಭಾವಿಸುತ್ತೇವೆ. ನಿಜ ಬೇರೆ. ಬರಿದಾದ ದೋಣಿ ನೀರಿನ ಮೇಲೆ ಎತ್ತರಕ್ಕೆ ಎದ್ದುನಿಲ್ಲುತ್ತದೆ. ಸೇತುವೆಯ ಕೆಳಗೆ ತೂರಲಾರದು. ಸಣ್ಣ ಗಾಳಿ ಬೀಸಿದರೂ ಅಡ್ಡ ತಿರುಗುತ್ತದೆ. ಚುಕ್ಕಾಣಿಯ ಮಾತು ಕೇಳುವುದಿಲ್ಲ. ಆದುದರಿಂದ ದೋಣಿಯನ್ನು ಮನೆಯಾಗಿಸುವವರು ಮೊದಲು ಮಾಡುವ ಕೆಲಸ ಅದರ ತಳಕ್ಕೆ ಭಾರ ತುಂಬುವುದು. ನಾವು ನಡೆದಾಡುತ್ತಿದ್ದ ಮರದ ನೆಲದ ಕೆಳಗೆ ನಲವತ್ತು ಟನ್ ಕಾಂಕ್ರೀಟ್ ಇತ್ತು. "ಭಾರ ಇಳಿಸಿದ ಮೇಲೂ ದೋಣಿಗೆ ಭಾರ ಬೇಕು ಮೊಸ್ಯೂ" ಎಂದರು ಅವರು. "ಇಲ್ಲವಾದರೆ ಅದು ಗಾಳಿಯ ಪಾಲು."

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ನಿವೃತ್ತಿಯ ನಂತರ ನನ್ನನ್ನು ಕಾಡುತ್ತಿದ್ದುದು ಏನೆಂಬುದಕ್ಕೆ ಒಂದು ಹೆಸರು ಸಿಕ್ಕಿತ್ತು. ದಣಿವು ನನ್ನ ತೊಂದರೆಯಾಗಿರಲಿಲ್ಲ. ಹೊರುವುದಕ್ಕೆ ಏನೂ ಇಲ್ಲದ ಹಗುರವೇ ನನ್ನನ್ನು ಅಡ್ಡ ತಿರುಗಿಸುತ್ತಿತ್ತು. ಭಾರ ಹೊತ್ತು ಬಳಲಿದವರನ್ನು ತಮ್ಮ ಬಳಿಗೆ ಕರೆದ ಪ್ರಭು, ವಿಶ್ರಾಂತಿಯ ಮಾತಿನ ಜೊತೆಗೇ ತಮ್ಮ ನೊಗದ ಮಾತನ್ನೂ ಆಡಿದ್ದಾರೆ. ಆ ನೊಗವನ್ನು ಹಗುರವೆಂದರೇ ಹೊರತು ನೊಗವೇ ಇಲ್ಲವೆಂದು ಹೇಳಲಿಲ್ಲ.

ಏಳನೆಯ ದಿನ ದಿಜೋನ್ ಸಮೀಪಿಸಿತು. ಊರಿನ ಹೊರಗೆ ಕಾಲುವೆಯ ಪಕ್ಕದಲ್ಲಿ ವಿಶಾಲವಾದ ಕೆರೆಯೊಂದಿದೆ. ಅದರ ಹೆಸರು ಕಿರ್ ಸರೋವರ, 1964ರಲ್ಲಿ ನಿರ್ಮಿತವಾದದ್ದು. ಫೆಲಿಕ್ಸ್ ಕಿರ್ ಒಬ್ಬ ಕಥೋಲಿಕ ಗುರು. ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಳುಗಳು ತಪ್ಪಿಸಿಕೊಳ್ಳಲು ನೆರವಾಗಿ, 1945ರಿಂದ 1968ರಲ್ಲಿ ಸಾಯುವವರೆಗೂ ಆ ನಗರದ ಮೇಯರ್ ಆಗಿದ್ದವರು. ಕೆರೆಯಾದಾಗ ಅವರಿಗೆ ಎಂಬತ್ತೆಂಟು ವಯಸ್ಸು! ನಮ್ಮ ಯಜಮಾನರು ಅವರ ಹೆಸರು ಬಂದಾಗ ಟೋಪಿ ಮುಟ್ಟಿಕೊಂಡರು.

ಅಂದು ಸಂಜೆ ಅವರೇ ಇನ್ನೊಂದು ದೋಣಿಯ ಕಥೆ ಹೇಳಿದರು. ಪ್ಯಾರಿಸಿನ ಸಮೀಪ, ಸೇನ್ ಮತ್ತು ವಾಸ್ ನದಿಗಳು ಕೂಡುವ ಕೋಂಫ್ಲಾಂ ಎಂಬ ಊರಿನಲ್ಲಿ ಕಾಂಕ್ರೀಟಿನ ಒಂದು ದೊಡ್ಡ ದೋಣಿ ನಿಂತಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಉಕ್ಕಿನ ಅಭಾವವಿದ್ದುದರಿಂದ ಕಲ್ಲಿದ್ದಲು ಸಾಗಿಸಲು ಕಾಂಕ್ರೀಟಿನ ದೋಣಿಗಳನ್ನು ಕಟ್ಟುವ ಯೋಚನೆ ಹುಟ್ಟಿತ್ತು. 1930ರ ದಶಕದಲ್ಲಿ ಅದು ದೋಣಿಗಾರರ ದೇವಾಲಯವಾಯಿತು. ಇವರ ತಂದೆತಾಯಿಯ ಮದುವೆಯಾದದ್ದು ಅಲ್ಲಿಯೇ. ಅದರ ಹೆಸರು 'ಜ ಸೇರ್', ಎಂದರೆ 'ನಾನು ಸೇವೆ ಮಾಡುತ್ತೇನೆ'. ದೋಣಿಗಾರರ ಸಂಖ್ಯೆ ಕ್ಷೀಣಿಸಿದ ಮೇಲೂ ಅದು ಬರಿದಾಗಲಿಲ್ಲ. ಮನೆಯಿಲ್ಲದವರಿಗೆ ಆಸರೆಯಾಯಿತು; ಇತ್ತೀಚಿನ ವರ್ಷಗಳಲ್ಲಿ ಟಿಬೆಟನ್ ನಿರಾಶ್ರಿತರಿಗೆ ಊಟ ಬಡಿಸಿತು. ಬೈಲಕುಪ್ಪೆಯ ನೆರೆಯವರಾದ ನಮಗೆ ಆ ಮಾತು ಹತ್ತಿರದ್ದಾಗಿ ಕೇಳಿಸಿತು.

ದಿಜೋನಿನಿಂದ ಮುಂದೆ ಸುಮಾರು ಮೂವತ್ತು ಕಿಲೋಮೀಟರ್ ಕಾಲುವೆ ಬಹುತೇಕ ಗೆರೆ ಎಳೆದಂತೆ ನೇರ. ಇಕ್ಕೆಲದಲ್ಲೂ ಉತ್ತು ಬಿಟ್ಟ ಕಪ್ಪು ಹೊಲಗಳು. ಪಶ್ಚಿಮಕ್ಕೆ, ದೂರದಲ್ಲಿ, ದ್ರಾಕ್ಷಿತೋಟಗಳ ದಿಣ್ಣೆ ಬಂಗಾರದ ಗೆರೆಯಂತೆ ಕಾಣುತ್ತಿತ್ತು. ಆ ದಿಣ್ಣೆಗೂ ಕಾಲುವೆಗೂ ನಡುವಿನ ಬಯಲಿನಲ್ಲಿಯೇ 1098ರಲ್ಲಿ ಸ್ಥಾಪನೆಯಾದ ಸಿತೋ ಮಠವಿದೆ. ದಿಜೋನಿನ ಬಳಿ ಹುಟ್ಟಿದ ಸಂತ ಬರ್ನಾರ್ಡರು ಸನ್ಯಾಸಿಯಾದದ್ದು ಅಲ್ಲಿ. ಅಕ್ಟೋಬರ್ 31ರ ಸಂಜೆ ಕೊನೆಯ ಲಾಕನ್ನು ದಾಟಿ ನಾವು ಸೋನ್ ನದಿಯ ದಡದ ಸಾಂ ಜಾಂ ದ ಲೋನ್ ಊರನ್ನು ಸೇರಿದೆವು. ಸಂತ ಯೊವಾನ್ನರ ಹೆಸರಿನ ಆ ಪುಟ್ಟ ಪಟ್ಟಣ ದೋಣಿಗಾರರ ತವರು. ಸಾಲುಸಾಲಾಗಿ ದೋಣಿಗಳು ಚಳಿಗಾಲಕ್ಕೆ ಕಟ್ಟಿನಿಂತಿದ್ದವು. ಒಂದೊಂದರ ಚಿಮಣಿಯಿಂದಲೂ ಹೊಗೆ.

ಮರುದಿನ ಸಕಲ ಸಂತರ ಹಬ್ಬ. ಹಿಂದಿನ ದಿನದಿಂದಲೇ ಅಂಗಡಿಗಳ ಮುಂದೆ ಕುಂಡಗಟ್ಟಲೆ ಸೇವಂತಿಗೆ ತುಂಬಿತ್ತು. ನಮ್ಮಲ್ಲಿ ಸೇವಂತಿಗೆ ಮುಡಿಯುವ ಹೂವು, ಮದುವೆ ಚಪ್ಪರದ ಹೂವು. ಅಲ್ಲಿ ಅದು ಸಮಾಧಿಯ ಹೂವು. ಯಾರ ಮನೆಗಾದರೂ ಹೋಗುವಾಗ ಮರೆತೂ ಅದನ್ನು ಒಯ್ಯಬಾರದೆಂದು ಮಗಳು ಎಚ್ಚರಿಸಿದ್ದಳು. ಬಲಿಪೂಜೆಯ ನಂತರ ನಾವೆಲ್ಲ ಸಮಾಧಿಭೂಮಿಗೆ ಹೋದೆವು. ಯಜಮಾನರು ತಂದೆತಾಯಿಯ ಸಮಾಧಿಯ ಮೇಲಿನ ಎಲೆಗಳನ್ನು ಕೈಯಿಂದಲೇ ಸರಿಸಿ, ಹಳದಿ ಸೇವಂತಿಗೆಯ ಕುಂಡವನ್ನಿಟ್ಟರು. ಕಲ್ಲಿನ ಮೇಲೆ ಪುಟ್ಟ ದೋಣಿಯ ಚಿತ್ರ ಕೆತ್ತಿತ್ತು. "ದೋಣಿಗಾರನಿಗೆ ಸ್ವಂತ ಊರಿಲ್ಲ. ಅವನು ಎಲ್ಲಿ ಮಲಗಿದ್ದಾನೋ ಅದೇ ಅವನ ಊರು" ಎಂದರು. ನನ್ನ ಪತ್ನಿ ಕನ್ನಡದಲ್ಲಿ ಒಂದು ಪ್ರಾರ್ಥನೆ ಹೇಳಿದಳು. ಆ ದಂಪತಿಗಳು ತಲೆಬಾಗಿ ನಿಂತರು.

ಹಿಂದಿರುಗಿ ಬಂದ ಮೇಲೆ ಅವರು ದೋಣಿಯ ಕಿಟಕಿಗೆ ಒಂದು ಹಲಗೆಯನ್ನು ತೂಗುಹಾಕಿದರು. ಮಗಳು ಮೆಲ್ಲನೆ ಓದಿ ಹೇಳಿದಳು: "ಮಾರಾಟಕ್ಕಿದೆ." ನಿಗದಿತ ಅವಧಿಗೊಮ್ಮೆ ದೋಣಿಯನ್ನು ನೀರಿನಿಂದ ಮೇಲಕ್ಕೆತ್ತಿಸಿ ತಳದ ಕಬ್ಬಿಣವನ್ನು ಪರೀಕ್ಷಿಸಬೇಕು, ತೇಪೆ ಹಾಕಬೇಕು, ಬಣ್ಣ ಬಳಿಯಬೇಕು. ಅದಕ್ಕೆ ಬೇಕಾದ ಹಣವೂ ಮೊಣಕಾಲಿನ ಬಲವೂ ಅವರಲ್ಲಿ ಉಳಿದಿರಲಿಲ್ಲ. ಅವರ ಮಗಳಿಗೆ ದೋಣಿಯ ಬದುಕು ಬೇಡ. ನಾವು ಕಂಡದ್ದು ಆ ದೋಣಿಯಲ್ಲಿ ಅವರ ಕೊನೆಯ ಯಾನವಾಗಿತ್ತು. ಹನ್ನೊಂದು ದಿನವೂ ಅವರು ಅದನ್ನು ನಮಗೆ ತಿಳಿಯಗೊಟ್ಟಿರಲಿಲ್ಲ.

"ಇನ್ನು ಮುಂದೆ?" ಎಂದು ನಾನು ಕೇಳಿದೆ. ಬಂದರಿನ ಹಿಂದಿನ ಬೀದಿಯಲ್ಲಿ ಸಣ್ಣ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. "ದಡದ ಮೇಲೆ ನಿಮಗೆ ಭಾರ?" ಎಂದೆ. ಅವರು ಅಡುಗೆಮನೆಯ ಕಡೆ ನೋಡಿದರು. ಯಜಮಾನಿತಿಯವರ ದೃಷ್ಟಿ ವರ್ಷದಿಂದ ವರ್ಷಕ್ಕೆ ಮಬ್ಬಾಗುತ್ತಿರುವುದನ್ನು ನಾವು ಗಮನಿಸಿದ್ದೆವು. ಅವರು ಲೋಟಗಳನ್ನು ಕೈಯಿಂದ ತಡವಿಯೇ ಗುರುತಿಸುತ್ತಿದ್ದರು. "ಐವತ್ತು ವರ್ಷ ಅವಳು ದೋಣಿಯ ಮುಂದೆ ನಿಂತು ನನಗೆ ದಾರಿ ಹೇಳಿದಳು. ಇನ್ನು ನಾನು ಅವಳಿಗೆ ದಾರಿ ಹೇಳಬೇಕು. ಅಷ್ಟು ಸರಕು ಸಾಕು" ಎಂದರು.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲೂ ಭಾರವಿಳಿಸಿದ ದೋಣಿಗಳಿವೆ. ಹಜಾರದ ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕುಳಿತ ತಾತ, ಅಡುಗೆಮನೆಯ ಅಧಿಕಾರವನ್ನು ಸೊಸೆಗೆ ಬಿಟ್ಟುಕೊಟ್ಟ ಅಜ್ಜಿ. 'ನೀವು ಸುಮ್ಮನೆ ಕೂತಿರಿ, ಏನೂ ಮಾಡಬೇಡಿ' ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಅವರಿಗೆ ವಿಶ್ರಾಂತಿ ಖಂಡಿತ ಬೇಕು. ಆದರೆ ಮೊಮ್ಮಗುವನ್ನು ಶಾಲೆಗೆ ಬಿಡುವ, ಸಂಜೆಯ ಜಪಸರ ಆರಂಭಿಸುವ, ಪಕ್ಕದ ಬೀದಿಯ ರೋಗಿಯೊಬ್ಬರನ್ನು ವಿಚಾರಿಸಿ ಬರುವ ಒಂದು ಪುಟ್ಟ ಭಾರವೂ ಅವರಿಗೆ ಬೇಕು. ಹಿಂದಿರುಗಿದ ಮೇಲೆ ನಾನೂ ವಾರಕ್ಕೆ ಮೂರು ಸಂಜೆ ನಮ್ಮ ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ. ಬೆಳಗಿನ ಐದಕ್ಕೆ ಈಗಲೂ ಎಚ್ಚರವಾಗುತ್ತದೆ. ಅಂದಿನ ಪಾಠವನ್ನು ಒಮ್ಮೆ ಓದಿಕೊಳ್ಳುತ್ತೇನೆ.

ಮುಂದಿನ ವಸಂತದಲ್ಲಿ ಎರಡು ಚಿಕ್ಕ ಮಕ್ಕಳಿರುವ ಸಂಸಾರವೊಂದು ಆ ದೋಣಿಯನ್ನು ಕೊಂಡುಕೊಂಡಿತೆಂದು ಮಗಳು ಬರೆದಳು. ಅಜ್ಜಿಯ ಎದೆಪಟ್ಟಿಯನ್ನು ಯಜಮಾನರು ಗೋಡೆಯಿಂದ ತೆಗೆಯಲಿಲ್ಲವಂತೆ. ಅದು ಇರಬೇಕಾದದ್ದು ದೋಣಿಯಲ್ಲೇ ಎಂದು ಹೇಳಿ, ಆ ಮಕ್ಕಳಿಗೆ ಅದರ ಕಥೆಯನ್ನು ತಿಳಿಸಿ, ದಡಕ್ಕೆ ಇಳಿದರಂತೆ.